ಬಾಗಿಲಿಗೊಂದು ಹಿಡಿಕೆ ಬೇಕು

ವಸತಿ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಕಟ್ಟಡದ ಹೆಬ್ಬಾಗಿಲಿಗೆ ತಾವು ಕೂರಿಸಿದ ಮುಖ ಗುರುತಿಸುವ ಯಂತ್ರ ನನ್ನ ಅಕ್ಕನನ್ನು ಹೊರಗೆ ಬಿಡುತ್ತಿಲ್ಲ. ಕಳ್ಳರು ಒಳಗೆ ಬರಬಾರದು, ಒಪ್ಪಿದೆ. ಒಳಗಿರುವವರು ಹೊರಗೆ ಹೋಗಲೂ ಅಪ್ಪಣೆ ಬೇಡಬೇಕು ಎಂಬ ದಿವ್ಯಜ್ಞಾನ ಯಾವ ಮಹನೀಯರಿಗೆ ಹೊಳೆಯಿತು?

ಪಾರ್ಶ್ವವಾಯು ಹೊಡೆದು ಅಕ್ಕನ ಮುಖದ ಎಡಭಾಗ ಜೋತುಬಿದ್ದಿದೆ. ಮಾತು ತೊದಲುತ್ತದೆ, ಮೊನಚು ಮಾತ್ರ ಕಡಿಮೆಯಾಗಿಲ್ಲ. ದಿನವೂ ಎದುರು ರಸ್ತೆಯ ಚಿಕಿತ್ಸಾಲಯಕ್ಕೆ ಹೋಗಿ ಎಡಗಾಲಿಗೆ ವ್ಯಾಯಾಮ ಮಾಡಿಸಿಕೊಳ್ಳಬೇಕು; ಈಗ ಬಿಟ್ಟರೆ ಆ ಕಾಲು ಮತ್ತೆ ನೆಲಕ್ಕೆ ಊರುವುದಿಲ್ಲವೆಂದು ವೈದ್ಯರು ಎಚ್ಚರಿಸಿದ್ದಾರೆ. ಆಸ್ಪತ್ರೆಯಿಂದ ಬಂದ ದಿನ ಕಾವಲುಗಾರ ತನ್ನ ಕೀಲಿಯಿಂದ ಬಾಗಿಲು ತೆಗೆದು ಅವಳನ್ನು ಒಳಗೆ ಬಿಟ್ಟ. ಯಂತ್ರವಿರುವಾಗ ಮನುಷ್ಯನೇಕೆ ಎಂದು ಆಮೇಲೆ ಅವನನ್ನೂ ಕೀಲಿಯನ್ನೂ ತಾವು ಹಿಂದಕ್ಕೆ ಕರೆಸಿಕೊಂಡಿರಿ. ಈಗ ಅಕ್ಕ ಬಾಗಿಲ ಮುಂದೆ ನಿಂತರೆ “ಅಪರಿಚಿತ ವ್ಯಕ್ತಿ” ಎನ್ನುತ್ತದೆ ಒಂದು ಸಕ್ಕರೆಯಂಥ ದನಿ. ನಾನೇ ಜೊತೆಗೆ ಕರೆದೊಯ್ಯೋಣವೆಂದರೆ, ಒಂದು ಮುಖಕ್ಕೆ ಒಬ್ಬರೇ ಎಂದು ಬಾಗಿಲು ನಡುವೆಯೇ ಮುಚ್ಚಿಕೊಳ್ಳುತ್ತದೆ.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

“ಹೊಸ ಮುಖ ಸೇರಿಸ್ಬೇಕಾ? ತುಂಬಾ ಸುಲಭ ಸರ್. ಮೊದ್ಲು ಅವರ ಹಳೇ ಮುಖ ತೋರಿಸ್ಲಿ, ಯಂತ್ರ ಒಪ್ಪಿದ್ಮೇಲೆ ಹೊಸದು.”

“ಹಳೇ ಮುಖ ಎಲ್ಲಿಂದ ತರೋಣಮ್ಮಾ?”

“ಹಾಗಾದ್ರೆ ಅವರೇ ಖುದ್ದಾಗಿ ಆಫೀಸಿಗೆ ಬರ್ಲಿ ಸರ್.”

ಬರಲಾಗದಿರುವುದೇ ದೂರಲ್ಲವೇ ತಾಯೀ! ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ತಮ್ಮ ಇಲಾಖೆ ಯಂತ್ರಕ್ಕೂ ಕಲಿಸಿಬಿಟ್ಟಿದೆ.

ನಾಟಕದವರಿಗೆ ಬಣ್ಣ ಹಚ್ಚುವುದು ನನ್ನ ಕಸುಬು. ಬೇರೆ ದಾರಿ ಕಾಣದೆ ಅಕ್ಕನನ್ನು ಕನ್ನಡಿಯ ಮುಂದೆ ಕೂರಿಸಿ, ಇಳಿದ ತುಟಿಯಂಚನ್ನು ಬಣ್ಣದಲ್ಲಿ ಅಡಗಿಸಿ ಮೇಲೆ ಬೇರೊಂದು ಅಂಚು ಬರೆದೆ. ಕೆನ್ನೆಗೆ ನೆರಳು ಕೊಟ್ಟೆ, ಹುಬ್ಬು ಎತ್ತರಿಸಿದೆ. “ಶುಭ ಪ್ರಯಾಣ” ಎಂದು ಬಾಗಿಲು ತೆರೆದುಕೊಂಡಿತು! ಇಷ್ಟು ವರ್ಷ ರಂಗದ ಹಿಂದೆ ದುಡಿದರೂ ನನ್ನ ಕೈಚಳಕಕ್ಕೆ ಇಂಥ ಮನ್ನಣೆ ಸಿಕ್ಕಿರಲಿಲ್ಲ. ಹೊರಬಿದ್ದ ದಿನವೇ ತಮ್ಮ ಆಫೀಸಿಗೂ ಹೋದೆವು; ಬಾಗಿಲು ತೆರೆದಿದೆಯೆಂದರೆ ಹಳೇ ಮುಖವೇ ಸರಿಯಿದೆ, ಹೊಸದೇಕೆ ಎಂದು ಅರ್ಜಿ ಮುಚ್ಚಿಬಿಟ್ಟರು. ಆಮೇಲೆ ದಿನವೂ ಇದೇ ವೇಷ, ಇದೇ ಪ್ರವೇಶ.

ಎರಡು ವಾರದ ಹಿಂದೆ ಅಕ್ಕ ನನ್ನ ಕುಂಚ ಹಿಡಿದುಕೊಂಡಳು.

“ಸಾಕು ಕಣೋ. ನನಗೇ ನನ್ನ ವೇಷ ಹಾಕ್ತೀಯ. ಈ ಮುಖ ಹೊತ್ಕೊಂಡೇ ಸಾವಿನ ಬಾಗಿಲಿಂದ ವಾಪಸ್ ಬಂದೆ, ಅದು ಬಿಡ್ತು. ಇದು ಬಿಡಲ್ವಾ?”

ಅಂದಿನಿಂದ ಬಣ್ಣ ಮುಟ್ಟಿಸಿಕೊಂಡಿಲ್ಲ. ಬೆಳಗಾದರೆ ಚಪ್ಪಲಿ ಮೆಟ್ಟಿ, ಗಾಜಿನ ಬಾಗಿಲ ಮುಂದೆ ಕುರ್ಚಿ ಹಾಕಿ ಕೂರುತ್ತಾಳೆ. ಎದುರಿನ ಚಿಕಿತ್ಸಾಲಯದಿಂದ ವ್ಯಾಯಾಮ ಮಾಡಿಸುವಾಕೆ ಕೈ ಬೀಸುತ್ತಾರೆ, ಅಕ್ಕನೂ ಬೀಸುತ್ತಾಳೆ. ಅಷ್ಟು ಹತ್ತಿರ. ಆ ಕಾಲು ಮತ್ತೆ ಸೆಟೆಯತೊಡಗಿದೆ. ಅವಳ ಹಟ ಮುರಿಯಲು ನನಗೆ ಮನಸ್ಸಿಲ್ಲ, ಅವಳ ಕಾಲು ನೋಡಿದರೆ ಕೈ ಮತ್ತೆ ಕುಂಚದತ್ತ ಹೋಗುತ್ತದೆ.

ಯಂತ್ರ ಸುಧಾರಿಸಿ ಎಂದು ಕೇಳಲಾರೆ. ತಾವು ಅದಕ್ಕೊಂದು ಸಮಿತಿ ರಚಿಸಿಬಿಡುತ್ತೀರಿ. ಬಾಗಿಲ ಒಳಬದಿಗೆ ಒಂದು ಹಿಡಿಕೆ ಹಾಕಿಸಿ. ಯಾರು ತಿರುಗಿಸಿದರೂ ತೆರೆಯುವಂಥ, ಯಾರ ಗುರುತೂ ಕೇಳದಂಥ ಹಳೇ ಕಾಲದ ಹಿಡಿಕೆ. ಅವಳು ಮರಳಿ ಬಂದಾಗ ಒಳಗಿನಿಂದ ನಾನು ತಿರುಗಿಸುತ್ತೇನೆ, ಹೊರಡುವಾಗ ಅವಳೇ ತಿರುಗಿಸಲಿ. ಅಕ್ಕನ ಬಲಗೈ ಇನ್ನೂ ಚೆನ್ನಾಗಿದೆ.

ಇಂತಿ,
ಅಕ್ಕನಿಗೆ ಅಕ್ಕನದೇ ವೇಷ ಹಾಕಿ ಸೋತ ತಮ್ಮ