ನನ್ನ ಬದಿಯ ಸ್ವಿಚ್ ಬಾಕ್ಸ್

ಗುರು,

ಪ್ರತಿ ಸೋಮವಾರದ ಹಾಗೆ ಬೆಳಗಿನ ರೈಲಿಗೆ ತಿರುವನಂತಪುರದ ಬ್ಯಾಂಕಿಗೆ ಹೊರಟೆ. ನೀನು ಒಳ್ಳೇ ನಿದ್ದೆಯಲ್ಲಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ.

ಮಂಚದ ನನ್ನ ಬದಿಯ ಸ್ವಿಚ್ ಬಾಕ್ಸ್ ನಿನ್ನೆ ಮತ್ತೆ ಗೋಡೆಯಿಂದ ಕಳಚಿ ದಿಂಬಿನ ಮೇಲೆ ಬಿತ್ತಲ್ಲ, ಇನ್ನು ಅದಕ್ಕೆ ಟೇಪು ಅಂಟಿಸಬೇಡ ಮಾರಾಯ. "ಇನ್ನೇನು ನನಗೆ ಇಲ್ಲಿ ಕೊಚ್ಚಿಗೇ ಟ್ರಾನ್ಸ್‌ಫರ್ ಆಗ್ತದೆ, ದೊಡ್ಡ ಮನೆ ಹಿಡಿಯುವ, ಈ ಬಾಡಿಗೆ ಗೋಡೆಗೆ ತೂತು ಯಾಕೆ" ಅಂತ ಎರಡು ವರ್ಷದಿಂದ ಹೇಳುತ್ತಾ ಬಂದವಳು ನಾನೇ. ಶುಕ್ರವಾರ ಬ್ಯಾಂಕಿನ ಟ್ರಾನ್ಸ್‌ಫರ್ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿಲ್ಲ. ಎರಡು ದಿನ ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

ಸಂಜೆ ಕಲೂರಿನ ಹಾರ್ಡ್‌ವೇರ್ ಅಂಗಡಿಗೆ ಹೋಗು. ಇಲ್ಲಿಯ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಸ್ಟೀಲಿನ ಸ್ಕ್ರೂ ಕೇಳು. ತಲೆ ಉರುಟಾಗಿರಲಿ, ಒಳಗೆ ಇಳಿದು ಕೂರುವ ತಲೆಯದ್ದಾದರೆ ಬಾಕ್ಸ್ ಬಿರಿಯುತ್ತದೆ. ಗಾರೆಯ ಹಿಂದೆ ಇರುವುದು ಪುಡಿಪುಡಿ ಉದುರುವ ಕೆಂಪುಕಲ್ಲು, ಗಿಡ್ಡ ಸ್ಕ್ರೂ ಹಿಡಿದು ನಿಲ್ಲುವುದಿಲ್ಲ. ಎರಡಿಂಚಿನದ್ದೇ ತಾ, ಗೋಡೆಯ ತೂತಿಗೆ ತುರುಕುವ ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್ ಸಮೇತ. ನಾಲ್ಕು ತೂತಿಗೆ ನಾಲ್ಕೂ ಹಾಕು, ಎರಡು ಸಾಕು ಅನ್ನಬೇಡ. ಮೈನ್ ಆಫ್ ಮಾಡದೆ ಕೈ ಹಾಕಿದರೆ ನೋಡು!

ಶನಿವಾರದವರೆಗೆ ಆ ಬದಿಯಲ್ಲಿ ಯಾರೂ ಮಲಗುವುದಿಲ್ಲ, ಅವಸರವೇನು ಅಂತ ಬಿಡಬೇಡ. ಇವತ್ತೇ ಕೂರಿಸು. ಇನ್ನು ಮೇಲೆ ಫೋನನ್ನು ಅಲ್ಲೇ ಚಾರ್ಜಿಗಿಡು. ನಾನು ಕರೆ ಮಾಡಿದಾಗ ನನ್ನ ದಿಂಬಿಗೆ ತಲೆಯಿಟ್ಟು ಮಾತಾಡು.

ಸಮೀಕ್ಷಾ