ನಕ್ಷೆಗೆ ಸೇರಿದ ಅರವತ್ತಮೂರು ಮನೆಗಳು

ಅಂಚೆ ಕಚೇರಿ, ಹಿಂದಿನ ಕೋಣೆಯಿಂದ
ತಾರೀಕು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ತಂಗಿ ಚೂಟಿಗೆ,

ಅಕ್ಕ ಮರೆತೇಬಿಟ್ಟಳು ಅಂತ ಬೈದುಕೊಂಡಿದ್ದರೆ ಇನ್ನೆರಡು ಸಲ ಬೈದುಕೋ, ತಪ್ಪು ನನ್ನದೇ. ನಿನಗೆ ಕಾಗದ ಹಾಕಿ ನಾಲ್ಕು ತಿಂಗಳಾಯಿತು. ಊರಿಗೆಲ್ಲ ಕಾಗದ ಹಂಚುವವಳ ಮನೆಯಿಂದಲೇ ಕಾಗದ ಹೋಗಲಿಲ್ಲ ಎಂದರೆ ಕೇಳಿದವರು ನಗುತ್ತಾರೆ. ಫೋನು ಮಾಡಬಹುದಿತ್ತು, ನಿಜ. ಆದರೆ ನೀನು ಒಂದು ಸಭೆಯಿಂದ ಎದ್ದು ಇನ್ನೊಂದು ಸಭೆಗೆ ಹೋಗುವವಳು. ಆಮೇಲೆ ಮಾಡ್ತೀನಿ ಅಕ್ಕಾ ಅನ್ನುತ್ತೀಯ, ಆಗಲಿ ಬಿಡು ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಇವತ್ತಿನದು ಅಷ್ಟರಲ್ಲಿ ಮುಗಿಯುವ ಸುದ್ದಿಯಲ್ಲ.

ನಮ್ಮ ಕಚೇರಿ ಉಳಿಯಿತು ಕಣೇ. ಮೊದಲು ಅದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದನ್ನು ನಿಧಾನವಾಗಿ ಓದು.

ಆಧುನೀಕರಣದ ಸುತ್ತೋಲೆಯ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಬಂದದ್ದು ನೀನು ಕೆಲಸ ಮಾಡುವ ಕೇಂದ್ರ ಕಚೇರಿಯಿಂದಲೇ. ಕಳಿಸುವ ಕಡೆ ಅದು ಹೇಗೆ ಕಾಣುತ್ತದೋ ಏನೋ, ಬಂದು ಬೀಳುವ ಕಡೆ ಹೇಗಿತ್ತು ಎಂದು ಹೇಳುತ್ತೇನೆ. ಬಟವಾಡೆಯ ವ್ಯಾಪ್ತಿಯಲ್ಲಿ ಇನ್ನೂರೈವತ್ತು ಮನೆಗಳಿಗಿಂತ ಹೆಚ್ಚಿರುವ ಕಚೇರಿಗಳಿಗೆ ಹೊಸ ಕೌಂಟರು, ಹೊಸ ಯಂತ್ರ, ಹೊಸ ಬಣ್ಣ. ಕಡಿಮೆ ಇರುವವು ರೈಲು ನಿಲ್ದಾಣದ ಪಕ್ಕದ ದೊಡ್ಡ ಕಚೇರಿಗೆ ವಿಲೀನ. ನಮ್ಮವು ಇನ್ನೂರ ಹನ್ನೆರಡು. ವಿಲೀನವಾಗುವ ಕಚೇರಿಗಳ ಪಟ್ಟಿಯಲ್ಲಿ ನಮ್ಮದು ನಲವತ್ತೊಂದನೆಯದು. ಆಕ್ಷೇಪಣೆ ಇದ್ದರೆ ಮೂರು ತಿಂಗಳೊಳಗೆ ಹೇಳಿ ಎಂದು ಕೊನೆಯ ಸಾಲಿನಲ್ಲಿತ್ತು. ಮೂವತ್ತು ವರ್ಷ ಠಸ್ಸೆ ಒತ್ತಿದ ಕೈ, ಆ ಕಾಗದದ ಮೇಲೆ ಬಂದ ತಾರೀಕಿನ ಠಸ್ಸೆ ಒತ್ತುವಾಗ ಓರೆ ಒತ್ತಿತು.

ಗಂಟೆಯಣ್ಣನಿಗೆ ಓದಿ ಹೇಳಿದೆ. ಅವನು ನಿನಗೆ ನೆನಪಿರಬೇಕು, ನಮ್ಮ ಬಟವಾಡೆಯವನು, ಬೀದಿಯ ತಿರುವಿನಲ್ಲೇ ಸೈಕಲ್ ಗಂಟೆ ಬಾರಿಸಿಕೊಂಡು ಬಂದು ಆ ಹೆಸರು ಪಡೆದವನು. ಎಲ್ಲ ಕೇಳಿಸಿಕೊಂಡು, ತನ್ನನ್ನು ಬೇಕಾದರೆ ಯಾವ ಮೂಲೆಗಾದರೂ ಹಾಕಲಿ, ನಡೆಯಲಾಗದ ಮುದುಕರು ಹದಿನೈದು ಕಿಲೋಮೀಟರ್ ಹೋಗಿ ಕಾಗದ ತರಬೇಕೇ ಎಂದು ಕೇಳಿದ.

ಅದೇ ವಾರ ಅಂಗೈಯಗಲದ ಹೊಸ ಯಂತ್ರ ಬಂತು. ಉಳಿಯುವ ಕಚೇರಿಯಾಗಲಿ ಮುಚ್ಚುವ ಕಚೇರಿಯಾಗಲಿ, ಅಲ್ಲಿಯವರೆಗೆ ಎಲ್ಲರೂ ಕಲಿಯಬೇಕಂತೆ. ಕಲಿಸಲು ಬಂದ ಹುಡುಗಿ ನನ್ನ ನರೆಗೂದಲು ನೋಡಿ ಪಾಠವನ್ನು ಅರ್ಧಕ್ಕೆ ಇಳಿಸಿದಳು. ಪೂರ್ತಿ ಹೇಳಮ್ಮ, ತಲೆ ಬೆಳ್ಳಗಾಗಿರೋದು ಹೊರಗಡೆ ಮಾತ್ರ ಅಂದೆ. ಮೊದಮೊದಲು ಠಸ್ಸೆಯ ಅಭ್ಯಾಸಕ್ಕೆ ಪರದೆಯನ್ನೂ ಗುದ್ದುತ್ತಿದ್ದೆ. ಹತ್ತು ದಿನದಲ್ಲಿ ಅದು ನನ್ನ ಮಾತು ಕೇಳತೊಡಗಿತು. ಯಂತ್ರವನ್ನು ನಾನು ಬೈಯಲಾರೆ ಚೂಟಿ. ಪಾರ್ಸೆಲ್ಲು ಎಲ್ಲಿ ಮಲಗಿದೆ ಎಂದು ಕೂತಲ್ಲೇ ಹೇಳುತ್ತದೆ. ಹಿಂದೆ ಅದಕ್ಕಾಗಿ ಎಷ್ಟು ಜನರಿಗೆ ನಾಳೆ ಬನ್ನಿ ಅಂದಿದ್ದೇನೋ.

ಆದರೆ ಒಂದು ದಿನ ಮಣ್ಣಜ್ಜಿಗೆ ಆಸ್ಪತ್ರೆಯಿಂದ ಕನ್ನಡಕದ ಪಾರ್ಸೆಲ್ ಬಂತು. ಇಟ್ಟಿಗೆ ಗೂಡಿನಲ್ಲಿ ಆಯುಷ್ಯವಿಡೀ ಮಣ್ಣು ತುಳಿದವಳು ಅವಳು, ಗೂಡಿನ ಹಿಂದಿನ ಓಣಿಯಲ್ಲಿ ಮನೆ. ಯಂತ್ರಕ್ಕೆ ತೋರಿಸಿದರೆ 'ಇಂಥ ವಿಳಾಸವಿಲ್ಲ, ಹಿಂದಕ್ಕೆ ಕಳಿಸಿ' ಎಂದಿತು. ನಕ್ಷೆ ತೆರೆದು ನೋಡಿದೆ. ಗೂಡಿದೆ, ಹೊಗೆ ಕೊಳವೆ ಇದೆ, ಹಿಂದೆ ಬರೀ ಬಯಲು. ಆಕಾಶದಿಂದ ತೆಗೆದ ಚಿತ್ರ ನೋಡಿ ಮಾಡಿದ ನಕ್ಷೆಯಂತೆ. ಆ ಓಣಿಯ ಸೂರುಗಳಿಗೆಲ್ಲ ಮಣ್ಣು ಮೆತ್ತಿದ್ದಾರಲ್ಲ, ಮೇಲಿನಿಂದ ನೋಡಿದವರಿಗೆ ನೆಲದ ಹಾಗೇ ಕಂಡಿದೆ. ನಮ್ಮದೂ ತಪ್ಪಿದೆ. ಆ ಓಣಿಯ ಕಾಗದಗಳ ಮೇಲೆ 'ಗೂಡಿನ ಹಿಂದೆ' ಎಂದಷ್ಟೇ ಇರುತ್ತಿತ್ತು, ಗಂಟೆಯಣ್ಣ ಮುಖ ನೋಡಿ ಕೊಡುತ್ತಿದ್ದ. ಇಷ್ಟು ವರ್ಷ ಯಾರೂ ಅವನ್ನು ಮನೆಗಳ ಲೆಕ್ಕಕ್ಕೆ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ.

ಕನ್ನಡಕವನ್ನು ಹಿಂದಕ್ಕೆ ಕಳಿಸಲಿಲ್ಲ. ಗಂಟೆಯಣ್ಣ ಅವತ್ತೇ ಕೊಟ್ಟುಬಂದ. ನಿಯಮ ಮೀರಿದ್ದೇನೆ ಎಂದು ರಿಜಿಸ್ಟರಿನಲ್ಲಿ ನಾನೇ ಬರೆದು ಸಹಿ ಹಾಕಿದೆ. ಆಮೇಲೆ ನಿಯಮದ ಪುಸ್ತಕ ಹಿಡಿದು ಕೂತೆ. ಹೊಸ ವಿಳಾಸ ಸೇರಿಸುವ ಅಧಿಕಾರ ಪೋಸ್ಟ್ ಮಾಸ್ಟರಿಗೆ ಉಂಟು ಎಂದು ನೂರಾ ಹನ್ನೆರಡನೆಯ ಪುಟದಲ್ಲಿತ್ತು. ಖುದ್ದಾಗಿ ಹೋಗಬೇಕು, ಬಾಗಿಲಿನ ಫೋಟೋ ತೆಗೆಯಬೇಕು, ಮನೆಯವರ ಸಹಿ ಬೇಕು.

ಭಾನುವಾರ ಇಬ್ಬರೂ ಓಣಿಗೆ ಹೋದೆವು. ನಮ್ಮ ಕೈಯಲ್ಲಿ ಯಂತ್ರ, ಬಾಗಿಲಿಗೆ ಮನೆಯ ಅಂಕಿ ಬರೆಯಲು ಬಣ್ಣದ ಡಬ್ಬಿ. ನೋಡಿದ್ದೇ ತಡ, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಇಪ್ಪತ್ತು ವರ್ಷದಿಂದ ನೀರು ಕೊಟ್ಟು ಕೂರಿಸುತ್ತಿದ್ದ ಗಂಟೆಯಣ್ಣನಿಗೂ ಯಾರೂ ಬಾ ಅನ್ನಲಿಲ್ಲ. ಕೊನೆಗೆ ಮಣ್ಣಜ್ಜಿ ಹೊಸ ಕನ್ನಡಕ ಹಾಕಿಕೊಂಡೇ ಹೊರಗೆ ಬಂದಳು.

"ನಂಬರ್ ಬರೆಯೋರು ಬಂದ್ರೆ ಹಿಂದೇನೇ ಒಡೆಯೋರು ಬರ್ತಾರೆ ತಾಯಿ," ಅಂದಳು. "ಎರಡು ಕಡೆ ನೋಡಿ ಬಂದಿದೀವಿ."

ಅವಳ ಜಗಲಿಯ ಮೇಲೆ ಕೂತೆ. ಕಚೇರಿಯ ಕಾಗದ ತೆಗೆದು, ಇದು ಅಂಚೆಯ ಬಟವಾಡೆಗಾಗಿ ಮಾತ್ರ ಬರೆದುಕೊಂಡ ವಿಳಾಸ, ಬರೆದವಳು ನಾನು ಎಂದು ಬರೆದು, ಹೆಸರು ಹಾಕಿ, ಮೊಹರು ಒತ್ತಿ ಅವಳ ಕೈಗೆ ಕೊಟ್ಟೆ. ಏನಾದರೂ ಎಡವಟ್ಟಾದರೆ ಈ ಕಾಗದ ಹಿಡಿದುಕೊಂಡು ನನ್ನ ಕೌಂಟರಿಗೇ ಬನ್ನಿ ಅಂದೆ. ಅಜ್ಜಿ ಕನ್ನಡಕದೊಳಗಿಂದ ಮೊಹರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಪಕ್ಕದ ಬಾಗಿಲು ತಟ್ಟಿದಳು. ನಾಲ್ಕು ಭಾನುವಾರ ನಡೆಯಿತು ಈ ಕೆಲಸ. ಅರವತ್ತಮೂರು ಮನೆ, ಅರವತ್ತಮೂರು ಕಾಗದ. ಮೊಣಕಾಲು ಊದಿಕೊಂಡಿತು. ಗಂಟೆಯಣ್ಣನ ಅಂಕಿಗಳು ಕೋಳಿ ಕೆದಕಿದ ಹಾಗಿವೆ, ಆದರೂ ಓದಬಹುದು.

ಲೆಕ್ಕ ಇನ್ನೂರ ಎಪ್ಪತ್ತೈದಕ್ಕೆ ಏರಿತು. ಆಕ್ಷೇಪಣೆ ಬರೆದು ಕಳಿಸಿದೆ.

ಕಳೆದ ಸೋಮವಾರ ಪರಿಶೀಲನೆಗೆ ಒಬ್ಬರು ಅಧಿಕಾರಿ ಬಂದರು. ಗಂಭೀರ ಮನುಷ್ಯ, ಟೀ ಕೂಡ ಬೇಡವೆಂದರು. ಕಡತ ತಿರುವಿ, ಮುಚ್ಚುತ್ತೇವೆ ಎಂದ ಮೇಲೆ ಒಂದೇ ತಿಂಗಳಲ್ಲಿ ಅರವತ್ತಮೂರು ಮನೆ ಎಲ್ಲಿಂದ ಹುಟ್ಟಿದವು ಎಂದು ಕೇಳಿದರು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದೇ ಅವರ ಅಂದಾಜು.

"ಮನೆಗಳು ಹುಟ್ಟಿ ಮೂವತ್ತು ವರ್ಷ ಆಯ್ತು ಸಾರ್," ಅಂದೆ. "ನಕ್ಷೆ ಹುಟ್ಟಿದ್ದು ಈಗ. ಬನ್ನಿ, ತೋರಿಸ್ತೀನಿ."

ಬೂಟಿಗೆ ಕೆಸರು ಮೆತ್ತಿಕೊಂಡು ಬಾಗಿಲು ಬಾಗಿಲು ತಿರುಗಿದರು ಪುಣ್ಯಾತ್ಮರು. ಎಲ್ಲ ಮನೆಯಲ್ಲೂ ನನ್ನ ಕಾಗದ ಇತ್ತು. ಒಬ್ಬರು ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅವತ್ತು ಮಣ್ಣಜ್ಜಿಗೊಂದು ಕಾಗದ ಬಂದಿತ್ತು, ಅಧಿಕಾರಿಯೇ ಯಂತ್ರಕ್ಕೆ ತೋರಿಸಿದರು. ವಿಳಾಸ ಸರಿಯಿದೆ ಎಂದಿತು. ಅಜ್ಜಿ ಅವರಿಗೆ ತನ್ನ ಬಾಗಿಲಿನ ಅಂಕಿಯನ್ನು ಬೆರಳಿಟ್ಟು ತೋರಿಸಿದಳು.

"ಇಷ್ಟು ವರ್ಷ ಮಾಡಿದ ಇಟ್ಟಿಗೆಯೆಲ್ಲ ಬೇರೆಯವರ ಮನೆಗೆ ಹೋಯ್ತು," ಅಂದಳು. "ಈಗ ನಮ್ಮದೂ ಒಂದು ಮನೆ ಅಂತ ಸರ್ಕಾರಕ್ಕೆ ಗೊತ್ತಾಯ್ತು."

ಕಚೇರಿಗೆ ಹಿಂತಿರುಗಿದ ಮೇಲೆ ಅಧಿಕಾರಿ ತಾವಾಗಿಯೇ ಟೀ ಕೇಳಿದರು. ಕನ್ನಡಕದ ವಿಷಯ ನಾನು ಬರೆದಿಟ್ಟ ಸಾಲನ್ನು ಓದಿ, ಇಂಥದ್ದನ್ನು ತಾವೇ ಬರೆದುಕೊಳ್ಳುವವರನ್ನು ಇದೇ ಮೊದಲು ನೋಡಿದ್ದು ಎಂದರು. ಪಟ್ಟಿಯಲ್ಲಿ ನಲವತ್ತೊಂದನೆಯ ಸಾಲಿಗೆ ನನ್ನ ಕಣ್ಣೆದುರೇ ಗೀಟು ಎಳೆದರು. ಗೂಡುಗಳಿರುವ ಇನ್ನೂ ಹನ್ನೊಂದು ಊರುಗಳಲ್ಲಿ ಇದೇ ಕಥೆಯಂತೆ. ಆ ಪೋಸ್ಟ್ ಮಾಸ್ಟರುಗಳಿಗೆ ವಿಳಾಸ ಸೇರಿಸುವುದನ್ನು ಯಾರು ಕಲಿಸಬೇಕು ಗೊತ್ತೇ? ನಿನ್ನ ಅಕ್ಕ. ಮುಂದಿನ ತಿಂಗಳಿನಿಂದ ನಾನು ಮೇಷ್ಟರು. ಹೊಸ ಉಡುಪು ಕೊಡುತ್ತಾರೆಂದು ತಿಳಿದಾಗಿನಿಂದ ಗಂಟೆಯಣ್ಣನನ್ನು ಹಿಡಿಯುವವರಿಲ್ಲ, ಮದುಮಗನ ಹಾಗೆ ಮೀಸೆ ಕತ್ತರಿಸಿಕೊಂಡಿದ್ದಾನೆ. ನನಗೂ ಜಂಬ ಬಂದಿದೆ ಚೂಟಿ, ಮುಚ್ಚಿಡುವುದೇಕೆ? ಐವತ್ತನಾಲ್ಕಕ್ಕೆ ಬಂದ ಜಂಬ, ಇರಲಿ ಬಿಡು ಸ್ವಲ್ಪ ದಿನ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಯಜಮಾನರನ್ನು ಕೇಳಿದೆನೆಂದು ಹೇಳು, ಮಗುವಿನ ಕೆನ್ನೆಗೆ ನನ್ನ ಪಾಲಿನದೊಂದು ಮುತ್ತು ಕೊಡು. ಅಪ್ಪ ಅಮ್ಮ ಇದ್ದಿದ್ದರೆ ಏನೇನು ಹರಸುತ್ತಿದ್ದರೋ ಅದನ್ನೆಲ್ಲ ನಾನೊಬ್ಬಳೇ ಹರಸುತ್ತೇನೆ. ನೂರು ಕಾಲ ತಣ್ಣಗಿರು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಕೂತಿದ್ದೆ. ಅಧಿಕಾರಿ ಟೀ ಕುಡಿಯುವಾಗ ಕಡತವನ್ನು ಓದಲು ನನಗೇ ಕೊಟ್ಟಿದ್ದರು. ಪಟ್ಟಿಯ ಕೊನೆಗೆ ನಿನ್ನ ಸಹಿ ಇತ್ತು. ಅದಕ್ಕೆ ನನಗೆ ನೋವಿಲ್ಲ, ನಿನ್ನ ಮುಂದಿದ್ದ ಲೆಕ್ಕದ ಪ್ರಕಾರ ನೀನು ಬರೆದದ್ದು ಸರಿ. ಆದರೆ ಸಹಿಯ ಮೇಲಿನ ಸಾಲಿನಲ್ಲಿ ಒಂದು ಪ್ರಶ್ನೆ ಅಚ್ಚಾಗಿತ್ತು, ಈ ಕಚೇರಿಗಳಲ್ಲಿ ನಿಮ್ಮ ರಕ್ತಸಂಬಂಧಿಗಳು ಯಾರಾದರೂ ಇದ್ದಾರೆಯೇ ಎಂದು. ಅದರ ಮುಂದೆ 'ಯಾರೂ ಇಲ್ಲ' ಎಂದು ಬರೆದಿದ್ದೀಯ. ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು, ನಿನ್ನ ಬರಹ ನನಗೆ ಗೊತ್ತಾಗದೆ ಇರುತ್ತದೆಯೇ? ನಾನು ಆ ಪುಟವನ್ನೇ ನೋಡುತ್ತಿದ್ದುದನ್ನು ಕಂಡು, ಈ ಮೇಡಂ ನಿಮಗೆ ಪರಿಚಯವೇ ಎಂದು ಅಧಿಕಾರಿ ಕೇಳಿದರು. ನಿನ್ನ ಕೆಲಸಕ್ಕೆ ಕುತ್ತು ಬರಬಾರದಲ್ಲ, ಇಲ್ಲ ಅಂದುಬಿಟ್ಟೆ.