ಹಾಡಿ ಅತ್ತವಳಿಗೆ

ತಾಂಬಾ
೧೨ ಜುಲೈ ೨೦೨೫

ಪ್ರೀತಿಯ ತಂಗಿ ಯಶೋಧಾಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಯಜಮಾನರು ಪ್ರೇಮಕುಮಾರ ಅವರ ಸಕ್ಕರೆ ಕಾಯಿಲೆ ಹೇಗಿದೆ? ಮುದ್ದೇಬಿಹಾಳದ ಕಡೆ ಮಳೆ ಹೇಗೋ, ನಮ್ಮಲ್ಲಿ ತೊಗರಿ ಬಿತ್ತನೆ ಮುಗಿಯಿತು. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಫೋನಿನಲ್ಲಿ ಹೇಳಲು ಹೋದರೆ ನೀನು ಅಳಲು ಶುರು ಮಾಡುತ್ತೀ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅಳುವುದರಲ್ಲಿ ನಿನ್ನೊಂದಿಗೆ ಗೆದ್ದವರುಂಟೇ?

ಅವ್ವ ಹೋಗಿ ಎರಡು ತಿಂಗಳಾದರೂ ಊರಿನ ಬಾಯಲ್ಲಿ ಇನ್ನೂ ನಿನ್ನ ಅಳುವೇ ಇದೆ. ಬಸ್ಸಿಳಿದವಳು ಊರ ಅಗಸಿಬಾಗಿಲಿನಿಂದಲೇ ಹಾಡಿ ಅಳುತ್ತ ಬಂದೆ. ಗೋಡೆಗೆ ಆನಿಸಿ ಕೂಡಿಸಿದ್ದ ಅವ್ವನ ಮುಂದೆ ಬಿದ್ದು, ಅವಳು ಮಾಡಿದ್ದು, ಉಣಿಸಿದ್ದು, ಬೈದದ್ದು ಎಲ್ಲವನ್ನೂ ಒಂದೊಂದಾಗಿ ತೆಗೆದು ಅತ್ತೆ. ಕನ್ನೊಳ್ಳಿಯ ಬೀಗರೂ ಸೆರಗು ಬಾಯಿಗೊತ್ತಿಕೊಂಡರು. ನಾನು ಒಳಗೆ ಕೂತು, ಬಂದವರಿಗೆಲ್ಲ ಚಹಾ ಸೋಸುತ್ತಿದ್ದೆ. ನಿನ್ನೆ ಗಿರಣಿಯಲ್ಲಿ ಶಂಕ್ರೆವ್ವ, ನಾನು ಹಿಂದೆ ನಿಂತದ್ದು ನೋಡದೆ, "ಅಳು ಅಂದ್ರ ಸಣ್ಣಾಕಿದು. ಅವ್ವನ ಕೊರಳ ಆಕಿಗೇ ಬಂದೈತಿ. ದೊಡ್ಡಾಕಿ ಕಣ್ಣಾಗ ಒಂದ ಹನಿ ನೀರ ಬರಲಿಲ್ಲ ನೋಡವಾ" ಅಂದಳು. ಊರಲ್ಲಿ ಯಾರು ಸತ್ತರೂ ಅಳು ಎತ್ತಲು ಅವ್ವನನ್ನೇ ಕರೆಯುತ್ತಿದ್ದರಲ್ಲ. ಆ ಕೊರಳು ನಿನಗೆ, ಅವಳು ಆರು ವರ್ಷ ಹಿಡಿದಿದ್ದ ಹಾಸಿಗೆ ನನಗೆ. ಹೊಟ್ಟೆಕಿಚ್ಚು ಅನ್ನು, ಹೌದು, ಹೊಟ್ಟೆಕಿಚ್ಚೇ.

ಮಠದ ಅಯ್ಯನವರೊಬ್ಬರೇ ನನ್ನ ಪರ ಮಾತಾಡಿದ್ದರು. "ಶಿವನ ಪಾದ ಸೇರಿದವರಿಗಿ ಅಳಬಾರದು, ಕಾವೇರಿ ಖರೇ ಭಕ್ತಳು" ಅಂದಿದ್ದರು. ನಾನೂ ಒಳಗೊಳಗೇ ಉಬ್ಬಿದ್ದೆ. ಆದರೆ ಹೋದ ಸೋಮವಾರ ಪುರಾಣದಲ್ಲಿ ರಾಣಿಯೊಬ್ಬಳು ಗಂಡನ ಹೆಣದ ಮುಂದೆ ಅಳುವ ಭಾಗ ಬಂತು. ಓದುತ್ತ ಓದುತ್ತ ಅವರೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳಬಾರದು ಅಂದವರು ಇದೇನು ಅಂತ ಕೇಳಿಯೇಬಿಟ್ಟೆ. "ಅಳಬ್ಯಾಡ ಅಂತ ಬರದವರೇ ಪುಟಗಟ್ಟಲೆ ಅಳೂನೂ ಬರದಾರವಾ. ಬಾಯಿಬಿಟ್ಟು ಅತ್ತರ ಸತ್ತಾಕಿ ಎಂಥಾಕಿ ಇದ್ದಳು ಅಂತ ಉಳದವರಿಗಿ ತಿಳೀತೈತಿ" ಅಂದರು. ಆ ರಾಣಿಗೂ ಚಹಾ ಸೋಸುವ ಅಕ್ಕ ಒಬ್ಬಳು ಇದ್ದಿರಬೇಕು, ಅವಳನ್ನು ಯಾರೂ ಬರೆಯಲಿಲ್ಲ.

ಅಯ್ಯನವರ ಮಾತು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಅವ್ವ ಎಂಥವಳಿದ್ದಳೆಂದು ಊರಿಗೆ ತಿಳಿದದ್ದು ನಿನ್ನ ಬಾಯಿಂದ. ಅದರಲ್ಲಿ ಒಂದು ಸುಳ್ಳಿತ್ತು. "ಕಡೀ ತುತ್ತ ನನ್ನ ಕೈಲೆ ಉಂಡೆಲ್ಲಬೇ ನನ್ನವ್ವಾ" ಅಂತ ಅತ್ತೆಯಲ್ಲ, ನಿನ್ನ ಕೈ ಆ ದಿನ ಎಲ್ಲಿತ್ತು? ನಾಲ್ಕು ದಿನ ತುಟಿ ಬಿಚ್ಚದವಳು ಇವತ್ತು ಮೂರು ಚಮಚ ನುಚ್ಚು-ಮಜ್ಜಿಗೆ ಉಂಡಳು ಅಂತ ಫೋನಿನಲ್ಲಿ ನಿನಗೆ ಹೇಳಿದವಳು ನಾನು. ಉಣಿಸಿದವಳೂ ನಾನು. ಉಳಿದದ್ದೆಲ್ಲ ನಿನ್ನದಾಗಲಿ, ಆ ತುತ್ತು ನನ್ನದು.

ಪಂಚಮಿಗೆ ಬರುತ್ತೀ. ಅವ್ವನಿಲ್ಲದ ಮೊದಲ ಹಬ್ಬ, ಹೆಂಗಸರೆಲ್ಲ ಕೂಡುತ್ತಾರೆ, ನೀನು ಹೊಸ್ತಿಲಲ್ಲೇ ಮತ್ತೆ ಅಳು ಎತ್ತುತ್ತೀ. ಎತ್ತು. ಆ ಒಂದು ಮಾತು ಮಾತ್ರ ಬಿಡು. ಅಕ್ಕ ಇಷ್ಟೇ ಬೇಡುತ್ತಿದ್ದಾಳೆ.

ಮಕ್ಕಳ ತಲೆ ಸವರಿದೆ ಅಂತ ಹೇಳು. ಬಿಸಿಲಿಳಿದ ಮೇಲೆ ಬಸ್ಸು ಹತ್ತು.

ನಿನ್ನ ಅಕ್ಕ,
ಕಾವೇರಿ

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಿನಗೆ ಹೇಳದ ಒಂದು ಮಾತಿದೆ. ಆ ದಿನ ಅವ್ವ ಎರಡು ಸಲ ನನ್ನ ಕೈ ದೂಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ "ಯಶೋಧಾ, ಬಂದಿಯೇನ?" ಅಂದಳು. "ಹೂಂ ಬೇ, ಯಶೋಧಾನೇ ಬಂದೀನಿ" ಅಂದೆ. ಆಗ ಬಾಯಿ ತೆರೆದಳು. ಪಂಚಮಿಗೆ ಬಂದಾಗ ಆ ಮಾತು ಬಿಡಬೇಡ.